ದಡದಲ್ಲಿ ಕಲಿತ ಕಿವಿ

ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ ೨೯೮ ಅಂತ ಬರೆಸಿ ತಂದಿದ್ದರು. ಯಾರದ್ದಾದರೂ ಹುಟ್ಟುಹಬ್ಬವೇ ಅಂದರೆ ಅದೂ ಅಲ್ಲ. ಒಂದು ಆ್ಯಪು ಮೈ ಇಳಿಸಿಕೊಂಡ ಸಂಭ್ರಮ. ಮೂರು ಜಿಬಿ ತೂಗುತ್ತಿದ್ದ ‘ಕಡಲಕಿವಿ’ ಈಗ ಇನ್ನೂರ ತೊಂಬತ್ತೆಂಟು ಎಂಬಿಗೆ ಇಳಿದಿತ್ತು. ಹೊಸಳಿವೆ ಬಂದರಿನ ಐಸ್ ಪ್ಲಾಂಟಿನ ಮಹಡಿಯಲ್ಲಿದ್ದ ಆ ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಅಶ್ವಿತಾ ಕಾಂಚನ್ ಹೊಡೆಯಲಿಲ್ಲ. ಅವಳು ಗೋಡೆಯ ಮೇಲಿನ ನಕ್ಷೆಯಲ್ಲಿ ಒಂದೇ ಒಂದು ಹಸಿರು ಚುಕ್ಕೆಯನ್ನು ನೋಡುತ್ತ ನಿಂತಿದ್ದಳು.

ಆ ಚುಕ್ಕೆ ಅವಳ ಅಣ್ಣ ಭಾಸ್ಕರನ ಬೋಟು, ಮತ್ಸ್ಯಜ್ಯೋತಿ. ವಾಯುಭಾರ ಕುಸಿತದ ಎಚ್ಚರಿಕೆ ಬಂದು ಆಳಸಮುದ್ರಕ್ಕೆ ಹೋದ ಬೋಟುಗಳೆಲ್ಲ ಮೂತಿ ತಿರುಗಿಸಿ ದಡದ ಕಡೆ ಹೊರಟಿದ್ದವು. ಇದೊಂದು ಮಾತ್ರ ತೆಂಕಣಕ್ಕೆ ಜಾರುತ್ತಿತ್ತು. ಓಡುವ ಬೋಟಿನ ಜಾಡು ಗೆರೆ ಎಳೆದಂತೆ ನೇರ ಇರುತ್ತದೆ. ಇದರ ಜಾಡು ಸೊಟ್ಟಂಬಟ್ಟ ಇತ್ತು.

“ಸರ್, ಮತ್ಸ್ಯಜ್ಯೋತಿ ಬರ್ತಾ ಇಲ್ಲ. ತೇಲ್ತಾ ಇದೆ,” ಅಂದಳು.

ಆ್ಯಪನ್ನು ಸಣ್ಣ ಮಾಡಿದ ತಂಡದ ಮುಖ್ಯಸ್ಥ ನಿರಂಜನ್ ಕೇಕಿನ ತಟ್ಟೆ ಹಿಡಿದುಕೊಂಡೇ ಬಂದ. ಚುಕ್ಕೆಯ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ಅಕ್ಷರ ಮೂಡಿತು: ಕ್ಷೇಮ. ಖಚಿತತೆ ತೊಂಬತ್ತೇಳು.

“ನೋಡಿ. ಇಡೀ ನಕ್ಷೆಯಲ್ಲಿ ಇಷ್ಟು ಖಚಿತವಾಗಿ ಕ್ಷೇಮ ಅಂತಿರೋದು ನಿಮ್ಮಣ್ಣನ ಬೋಟೇ. ಒಳ್ಳೆ ಮೀನು ಬಿದ್ದಿರ್ಬೇಕು, ಬಿಟ್ಟು ಬರೋಕೆ ಮನಸ್ಸಿಲ್ಲ. ಕೇಕ್ ತಗೊಳ್ಳಿ.”

ಅಶ್ವಿತಾ ಕೇಕ್ ತಗೊಳ್ಳಲಿಲ್ಲ. ತಗೊಂಡಿದ್ದರೆ ಅದನ್ನು ಅವನ ಮುಖಕ್ಕೇ ಒರೆಸುತ್ತಿದ್ದಳೋ ಏನೋ.

ಕಡಲಕಿವಿಯ ಸಂಗತಿ ಸ್ವಲ್ಪ ಹೇಳಬೇಕು. ದಡದಿಂದ ದೂರ ಹೋದರೆ ಫೋನಿಗೆ ಸಿಗ್ನಲ್ಲೂ ಇಲ್ಲ, ಮಣ್ಣೂ ಇಲ್ಲ. ಬೋಟಿನ ನೆತ್ತಿಯ ಮೇಲಿನ ಸಣ್ಣ ಪೆಟ್ಟಿಗೆಯೊಂದು ಉಪಗ್ರಹಕ್ಕೆ ಸಂದೇಶ ಕಳಿಸಬಲ್ಲದು. ಅದೂ ಬೋಟು ಇರುವ ಜಾಗ, ಜೊತೆಗೆ ಒಂದು ಸಾಲು, ಅಷ್ಟೇ. ಆ ಒಂದು ಸಾಲಿನಲ್ಲಿ ಏನು ಹೇಳಬೇಕು ಅನ್ನುವುದನ್ನು ತೀರ್ಮಾನಿಸುವುದು ಆ್ಯಪಿನ ಕೆಲಸ. ಕ್ಯಾಬಿನ್ನಿನಲ್ಲಿ ಕಟ್ಟಿದ ಫೋನು ಇಂಜಿನ್ನಿನ ಸದ್ದು, ಜನರ ಮಾತು, ಕೂಗು, ಬೈಗುಳ ಎಲ್ಲವನ್ನೂ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಕ್ಷೇಮವೋ ಅಪಾಯವೋ ಎಂದು ಗಂಟೆಗೊಮ್ಮೆ ಪೆಟ್ಟಿಗೆಗೆ ಹೇಳುತ್ತದೆ. ಮೊದಲಿನ ಪೆಟ್ಟಿಗೆಯಲ್ಲಿ ಒಂದು ಕೆಂಪು ಗುಂಡಿ ಇತ್ತು. ಆಪತ್ತು ಬಂದರೆ ಒತ್ತುವುದು. ಹುಡುಗರು ಅದರ ಮೇಲೆ ಒದ್ದೆ ಅಂಗಿ ನೇತುಹಾಕಿ, ಮೊಣಕೈ ಊರಿ, ಸುಮ್ಮಸುಮ್ಮನೆ ಒತ್ತಿಹೋಗಿ, ರಕ್ಷಣಾ ಹಡಗು ಓಡೋಡಿ ಬಂದು ಉಗಿದು ಹೋಗುತ್ತಿತ್ತು. ಅದಕ್ಕೆ ಕಂಪನಿಯವರು ಏನು ಮಾಡಿದರು ಗೊತ್ತೇ? ಹೊಸ ಪೆಟ್ಟಿಗೆಯಲ್ಲಿ ಗುಂಡಿಯನ್ನೇ ತೆಗೆದುಬಿಟ್ಟರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ, ಹಾಗೆ. ಗುಂಡಿಗೆ ಬುದ್ಧಿಯಿಲ್ಲ, ಆ್ಯಪಿಗಿದೆ, ಎಲ್ಲ ಅದೇ ನೋಡಿಕೊಳ್ಳುತ್ತದೆ ಅಂದರು.

ಬುದ್ಧಿ ಏನೋ ಇತ್ತು. ಆದರೆ ಆ ಬುದ್ಧಿಗೆ ಮೂರು ಜಿಬಿ ಜಾಗ ಬೇಕು. ಬೋಟಿನ ಹುಡುಗರ ಫೋನಿನಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಮದುವೆ ವಿಡಿಯೋ, ಮಗುವಿನ ವಿಡಿಯೋ, ಯಕ್ಷಗಾನದ ಇಡೀ ಪ್ರಸಂಗ. ಸಮುದ್ರದಲ್ಲಿ ಬೇಸರ ಕಳೆಯಲು ಅದೆಲ್ಲ ಬೇಕು. ಒಂದು ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಕಡಲಕಿವಿಯನ್ನು ಅಳಿಸಿರುತ್ತಿದ್ದರು. ಹಾಗಾಗಿ ಅದನ್ನು ಸಣ್ಣ ಮಾಡುವ ಹೊಣೆ ನಿರಂಜನ್ ತಂಡಕ್ಕೆ ಬಂತು. ಸಣ್ಣದಾದ ಆ್ಯಪನ್ನು ಈ ಟ್ರಿಪ್ಪಿಗೆ ಹೊರಟ ಬೋಟುಗಳಿಗೆಲ್ಲ ಹಾಕಿ ಕಳಿಸಿಯೂ ಆಗಿತ್ತು.

ದೊಡ್ಡ ಭಾಷಾ ಮಾದರಿಯನ್ನು ಸಣ್ಣ ಮಾಡಲು ಎರಡು ದಾರಿ. ಒಳಗಿರುವ ಕೋಟಿಗಟ್ಟಲೆ ಅಂಕಿಗಳ ಬಾಲ ಕತ್ತರಿಸಿ ಮೊಟಕು ಮಾಡುವುದು ಒಂದು. ಇನ್ನೊಂದು, ಗಿಡ ಸವರಿದ ಹಾಗೆ ಸವರುವುದು. ಮೀನುಗಾರರ ಮಾತನ್ನು ರೆಕಾರ್ಡ್ ಮಾಡಿ ಅದಕ್ಕೆ ಕೇಳಿಸುತ್ತಾರೆ. ಕೇಳುವಾಗ ಒಳಗೆ ಯಾವ ಯಾವ ಎಳೆ ಮಿಸುಕುತ್ತದೆ ಎಂದು ಅಳೆಯುತ್ತಾರೆ. ಮಿಸುಕಿದ್ದು ಉಳಿಯುತ್ತದೆ. ಮಿಸುಕದೆ ತೆಪ್ಪಗೆ ಬಿದ್ದಿದ್ದು ಕತ್ತರಿಗೆ. ಅಶ್ವಿತಾಳ ಕೆಲಸ ಬೇರೆ, ಅವಳು ಪೆಟ್ಟಿಗೆಯ ಸಂದೇಶಗಳನ್ನು ನೋಡಿಕೊಳ್ಳುವವಳು. ಆದರೂ ಒಮ್ಮೆ ನಿರಂಜನ್‌ನನ್ನು ಕೇಳಿದ್ದಳು, ರೆಕಾರ್ಡಿಂಗ್ ಎಲ್ಲಿಯದು ಅಂತ. “ನಿಮ್ಮೂರಿಂದೇ ರೀ, ಅಪ್ಪಟ ಮೀನುಗಾರರ ಮನೆಮನೆಯದು,” ಅಂದಿದ್ದ. ಅವಳಿಗೆ ಹೆಮ್ಮೆಯಾಗಿತ್ತು. ಸದ್ಯ, ಬೆಂಗಳೂರಿನ ಸ್ಟುಡಿಯೋದಲ್ಲಿ ಯಾರೋ ನಾಟಕದವರು ಓದಿದ್ದಲ್ಲವಲ್ಲ ಅಂದುಕೊಂಡು ಸುಮ್ಮನಾಗಿದ್ದಳು.

ರಕ್ಷಣಾ ಹಡಗಿನ ಕಚೇರಿಗೆ ಫೋನ್ ಮಾಡಿದಳು. ಅಲ್ಲಿನ ಅಧಿಕಾರಿ ಸಮಾಧಾನದಿಂದಲೇ ಕೇಳಿಸಿಕೊಂಡ. “ನಿಮ್ಮ ಪೆಟ್ಟಿಗೆಯೇ ಕ್ಷೇಮ ಅಂತಿದೆಯಲ್ಲಮ್ಮಾ. ಬಡಗು ಕಡೆ ಎರಡು ಬೋಟು ನಿಜವಾಗಿ ಅಪಾಯ ಅಂತ ಕರೀತಿವೆ. ನೀವೇ ಹೇಳಿ, ಹಡಗು ಎಲ್ಲಿಗೆ ಕಳಿಸ್ಲಿ?” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮನೆ ಬಂದರಿನ ಬೆನ್ನಿಗೇ ಇತ್ತು. ಅತ್ತಿಗೆ ಗುಲಾಬಿ ಚಾವಡಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದಳು. ಅವಳ ಗಂಡ ಭಾಸ್ಕರ ಆ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವ ಯಜಮಾನ. ಅವಳ ಸ್ವಂತ ತಮ್ಮ ಕರುಣಾಕರ ಅದೇ ಬೋಟಿನ ಇಂಜಿನ್ ನೋಡಿಕೊಳ್ಳುವವನು. ಗಂಡ, ತಮ್ಮ ಇಬ್ಬರೂ ಒಂದೇ ಹಲಗೆಯ ಮೇಲೆ. ನಾದಿನಿಯ ಮುಖ ನೋಡಿದ್ದೇ ಗುಲಾಬಿಯ ಕೈ ನಿಂತಿತು.

“ಎಂತ ಆಯ್ತ್?”

“ಎಂತದೂ ಇಲ್ಲೆ ಅತ್ತಿಗೆ.”

“ಎಂತದೂ ಇಲ್ದೆ ಹೊತ್ತಲ್ಲದ ಹೊತ್ತಿನಂಗೆ ಮನಿಗ್ ಬಪ್ಪವ್ಳಾ ನೀನ್? ಹೇಳ್, ಮಾರಾಯ್ತಿ.” ಗುಲಾಬಿ ತನ್ನ ಫೋನ್ ಎತ್ತಿ ತೋರಿಸಿದಳು. ಮನೆಯವರಿಗೆಂದೇ ಇದ್ದ ಪುಟದಲ್ಲಿ ಹಸಿರು ಬಣ್ಣದಲ್ಲಿ ಕ್ಷೇಮ ಅಂತ ಇತ್ತು. “ಕಾಣ್, ಕ್ಷೇಮ ಅಂತಿತ್ತಲೆ. ಬೆಳಿಗ್ಗೆಯಿಂದ ಹತ್ತ್ ಸಲ ಕಂಡೆ.”

ಅಶ್ವಿತಾ ಬೋಟು ತೇಲುತ್ತಿರುವುದನ್ನು ಹೇಳಿದಳು. ಗುಲಾಬಿ ಎದೆ ಹೊಡೆದುಕೊಳ್ಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು.

“ಹಂಗಾರೆ ಈ ಹಾಳಾದ್ದ್ ಎಂತ ಕೇಂತಾ ಇತ್ತ್ ಅಲ್ಲಿ? ಆಸಾಡಿಯಂಗೆ ನಿಮ್ಮ ಆಪೀಸಿನವ್ರೇ ಅಲ್ದಾ ಫೋನ್ ತಂದ್ ಈ ಕಂಬಕ್ಕೆ ಕಟ್ಟಿ ಹೋದ್ದ್? ಎರಡ್ ತಿಂಗಳ್ ನಮ್ಮ ಮನಿ ಜಗಳ ಎಲ್ಲ ಕೇಂಡಿತಲೆ! ನಿನ್ನ ಅಣ್ಣ ಇಲ್ಲೇ ಕೂಕಂಡ್ ಬಲಿ ಸಮ ಮಾಡ್ತಿದ್ದ, ಕರುಣಾಕರ ಇಸ್ಪೀಟ್ ಆಡ್ತಾ ಬೊಬ್ಬೆ ಹೊಡೀತಿದ್ದ. ಅಷ್ಟ್ ಕೇಂಡ್ ಕಲ್ತದ್ದಕ್ಕೆ ಅವ್ರ ಸ್ವರ ಗುರ್ತ ಸಿಕ್ಕುದಿಲ್ಯಾ ಈಗ?”

ಅಶ್ವಿತಾ ಆ ಕಂಬವನ್ನೇ ನೋಡಿದಳು.

ಆಸಾಡಿ ಅಂದರೆ ಜೂನ್, ಜುಲೈ. ಯಾಂತ್ರಿಕ ಬೋಟುಗಳಿಗೆ ಕಡಲು ನಿಷೇಧದ ತಿಂಗಳು. ಬೋಟುಗಳನ್ನೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತಾರೆ. ಗಂಡಸರು ಚಾವಡಿಯಲ್ಲಿರುತ್ತಾರೆ. ಬಲೆ ಹೆಣೆಯುತ್ತಾರೆ, ಇಸ್ಪೀಟಾಡುತ್ತಾರೆ, ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದ ಜಾಣರಿಗೆ ಮೀನುಗಾರರೆಲ್ಲ ಮನೆಯಲ್ಲೇ ಸಿಕ್ಕಿದ್ದು ಅನುಕೂಲವಾಗಿ ಕಂಡಿರಬೇಕು. ಅಪ್ಪಟ ಮೀನುಗಾರರ ಅಪ್ಪಟ ಮಾತು, ರಾಶಿಗಟ್ಟಲೆ! ಅದರಲ್ಲಿ ಕಡಲು ಮಾತ್ರ ಒಂದು ಹನಿಯೂ ಇರಲಿಲ್ಲ.

ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಆ ಜಾಣರಿಗಾದರೂ ಗೊತ್ತಿರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ಆಸಾಡಿಯಲ್ಲಿ ಅಣ್ಣ ಮನೆಯಲ್ಲಿರುವುದನ್ನು ಹುಟ್ಟಿದಾಗಿನಿಂದ ನೋಡಿದ ತನಗೆ ಹೊಳೆಯಬಾರದಿತ್ತೇ?

“ಅತ್ತಿಗೆ, ನಾ ಆಪೀಸಿಗ್ ಹೋತೆ,” ಅಂದವಳು ಚಪ್ಪಲಿ ಮೆಟ್ಟದೆ ಓಡಿದಳು.

ಕಚೇರಿಯಲ್ಲಿ ಕೇಕು ಮುಗಿದಿತ್ತು. ಅಶ್ವಿತಾ ಆ ಎರಡು ತಿಂಗಳ ರೆಕಾರ್ಡಿಂಗ್ ತೆರೆದು ಕಿವಿಗೆ ಹಾಕಿಕೊಂಡಳು. ಹೆಂಚಿನ ಮೇಲೆ ಮಳೆ. ಕೋಳಿ. ಧಾರಾವಾಹಿಯ ಅಳು. “ಎಕ್ಕ ಬಿಡಾ, ಎಕ್ಕ ಬಿಡಾ!” ಅನ್ನುವ ಕರುಣಾಕರನ ಬೊಬ್ಬೆ. ಅಲ್ಲೊಂದು ಇಲ್ಲೊಂದು ತುಂಡು ಕೇಳಿದಳು, ಮನೆಯಿಂದ ಮನೆಗೆ ಹಾರಿ ಕೇಳಿದಳು. ಎಲ್ಲಿಯೂ ಬೋಟಿನ ಇಂಜಿನ್ನಿನ ಒಂದು ಗುಡುಗುಡು ಇರಲಿಲ್ಲ. ಇದನ್ನು ಯಾರಾದರೂ ಒಬ್ಬರು ಹತ್ತು ನಿಮಿಷ ಕೂತು ಕೇಳಿದ್ದರೂ ಸಾಕಿತ್ತು. ಯಾರೂ ಕೇಳಿರಲಿಲ್ಲ.

ಆಮೇಲೆ ಹಳೆಯದೊಂದು ರೆಕಾರ್ಡಿಂಗ್ ಹುಡುಕಿ ತೆಗೆದಳು. ಗುಂಡಿ ಇದ್ದ ಕಾಲದಲ್ಲಿ ಬೇರೊಂದು ಬೋಟು ಇಂಜಿನ್ ಕೆಟ್ಟು ನಿಂತಾಗಿನದು. ಅದನ್ನು ಮೂರು ಜಿಬಿಯ ದೊಡ್ಡಣ್ಣನಿಗೆ ಕೇಳಿಸಿದಳು. ತಕ್ಷಣ ಕೆಂಪು: ಅಪಾಯ. ಮೈ ಇಳಿಸಿದ ಇನ್ನೂರ ತೊಂಬತ್ತೆಂಟು ಎಂಬಿಯ ಪುಟ್ಟಣ್ಣನಿಗೆ ಕೇಳಿಸಿದಳು. ಹಸಿರು: ಕ್ಷೇಮ, ಮನೆಮಾತು. ಖಚಿತತೆ ತೊಂಬತ್ತಾರು.

“ಸರ್, ಬನ್ನಿ ಇಲ್ಲಿ!” ಎಂದು ಅವಳು ಕೂಗಿದ್ದಕ್ಕೆ ಇಡೀ ಮಹಡಿ ತಿರುಗಿ ನೋಡಿತು.

ನಿರಂಜನ್ ಬಂದ. ಅವಳು ಎರಡೂ ಹಾಕಿ ತೋರಿಸಿದಳು. ಅವನ ಮುಖ ಸಪ್ಪಗಾಯಿತು. “ಇಂಜಿನ್ ಓಡ್ತಾ ಇರೋದನ್ನ ಕೇಳಿಸಿ ನೋಡಿ,” ಅಂದ. ಕೇಳಿಸಿದಳು. ಕ್ಷೇಮ, ಖಚಿತತೆ ಅರವತ್ತು.

“ಗೊತ್ತಾಯ್ತಾ? ಇಂಜಿನ್ ಓಡ್ತಿದ್ರೆ ಇದಕ್ಕೆ ಗೊಂದಲ. ಆ ಸದ್ದು ಇದು ಕೇಳೇ ಇಲ್ಲ. ಇಂಜಿನ್ ನಿಂತು ನಾಲ್ಕು ಜನ ಗಂಡಸರು ಬಲೆ ಹಿಡ್ಕೊಂಡು ಬೊಬ್ಬೆ ಹೊಡೆದ್ರೆ ಇದಕ್ಕೆ ನಮ್ಮನೆ ಚಾವಡಿ ನೆನಪಾಗತ್ತೆ. ಬೋಟು ಹಾಳಾದಷ್ಟೂ ಕ್ಷೇಮ ಗಟ್ಟಿಯಾಗತ್ತೆ. ತೊಂಬತ್ತೇಳು ಅಂತ ನನ್ನ ಹತ್ರ ಬೀಗಿದ್ರಲ್ಲ, ಅದು ನನ್ನಣ್ಣನ ಇಂಜಿನ್ ನಿಂತಿರೋ ಲೆಕ್ಕ!”

“ಅಶ್ವಿತಾ, ಧ್ವನಿ ತಗ್ಗಿಸಿ. ಒಪ್ತೀನಿ, ಡೇಟಾ ಸೀಸನ್‌ನಲ್ಲಿ ತಪ್ಪಾಗಿದೆ. ಮುಂದಿನ ಅಪ್‌ಡೇಟ್‌ನಲ್ಲಿ...”

“ಸಮುದ್ರದ ಮಧ್ಯೆ ಅಪ್‌ಡೇಟ್ ಯಾರು ತಂದುಕೊಡ್ತಾರೆ? ಬಂಗುಡೆಯಾ?”

“ಸಂಜೆ ಮೇಲಿನವರ ಜೊತೆ ಮೀಟಿಂಗ್ ಇಟ್ಟು ಹೇಳೋಣ. ಈಗ ಏನಾದ್ರೂ ಅಂದ್ರೆ ಎಲ್ಲ ಬೋಟಿನವರೂ ಗಾಬರಿಯಾಗ್ತಾರೆ. ಕಂಪನಿ ಹೆಸರು...”

“ಹೆಸರಂತೆ ಹೆಸರು! ಬೆಂಕಿ ಹಾಕ್ರೀ ಅದಕ್ಕೆ!”

ಪಿತ್ತ ನೆತ್ತಿಗೇರಿತ್ತು. ಸಂದೇಶಗಳ ಕೀಲಿ ಅವಳ ಹತ್ತಿರವೇ ಇತ್ತು. ಅವಳು ತನ್ನ ಕುರ್ಚಿಗೆ ಹೋಗಿ ಕೂತು, ಕಡಲಕಿವಿ ಕೊಟ್ಟ ಎಲ್ಲ ತೀರ್ಪುಗಳನ್ನೂ ಒಂದೇ ಏಟಿಗೆ ಹಿಂತೆಗೆದಳು. ಮತ್ಸ್ಯಜ್ಯೋತಿಯದು ಮಾತ್ರ ಅಲ್ಲ, ಕಡಲಿನ ಮೇಲಿದ್ದ ಎಲ್ಲ ಬೋಟುಗಳದೂ. ಗೋಡೆಯ ಮೇಲಿನ ಹಸಿರೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಪಕ್ಕದ ಅಕ್ಷರ ಬದಲಾಯಿತು: ಗೊತ್ತಿಲ್ಲ. ಊರಿನ ಪ್ರತಿ ಮನೆಯ ಫೋನಿನಲ್ಲೂ ಅದೇ ಮೂಡಿತು: ಗೊತ್ತಿಲ್ಲ.

“ಏನ್ ಮಾಡಿದ್ರಿ ನೀವು!” ನಿರಂಜನ್ ಕಿರುಚಿದ.

“ನಿಜ ಹೇಳ್ದೆ,” ಅಂದಳು.

ನಿಜಕ್ಕೆ ಸದ್ದು ಬಹಳ. ಹರಾಜು ಕಟ್ಟೆಯಿಂದ ಹೆಂಗಸರು ಬುಟ್ಟಿ ಅಲ್ಲೇ ಬಿಟ್ಟು ಐಸ್ ಪ್ಲಾಂಟಿನ ಮೆಟ್ಟಿಲು ಹತ್ತಿದರು. ಎಲ್ಲರಿಗಿಂತ ಮುಂದೆ ಗುಲಾಬಿ. ಬಾಗಿಲ ಗಾಜು ಒಡೆಯಿತು, ಯಾರು ಒಡೆದರೋ. “ಗೊತ್ತಿಲ್ಲ ಅಂದ್ರೆ ಎಂತದಾ? ಬೆಳಿಗ್ಗೆ ಕ್ಷೇಮ ಅಂದದ್ದ್ ಸುಳ್ಳಾ?” ನಿರಂಜನ್ ಮೇಜಿನ ಹಿಂದೆ ನಿಂತು ತಾಂತ್ರಿಕ ತೊಂದರೆ, ತಾಂತ್ರಿಕ ತೊಂದರೆ ಎಂದು ಜಪ ಮಾಡಿದ. ಅಶ್ವಿತಾ ಕುರ್ಚಿಯ ಮೇಲೆ ಹತ್ತಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಸಾಡಿಯಲ್ಲಿ ಕಂಬಕ್ಕೆ ಕಟ್ಟಿದ ಫೋನು ಅಂದದ್ದೇ ಹೆಂಗಸರಿಗೆಲ್ಲ ಅರ್ಥವಾಯಿತು. ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ರಕ್ಷಣಾ ಹಡಗಿನ ಅಧಿಕಾರಿಗೆ ಮತ್ತೆ ಫೋನ್ ಹೋಯಿತು. ಪೆಟ್ಟಿಗೆಯ ಮಾತು ನಂಬಬೇಡಿ, ಜಾಡು ನೋಡಿ ಅಂದಳು. ಅವನು ಜಾಡು ನೋಡಿದ. “ಅಯ್ಯೋ ದೇವರೇ,” ಅಂದ. ಇನ್ನೊಂದು ಬಂದರಿನಿಂದ ಹಡಗು ಹೊರಟಿತು. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ, ದಡಕ್ಕೆ ಬರುತ್ತಿದ್ದ ಎರಡು ಬೋಟುಗಳು ಗಾಳಿಯನ್ನೂ ಲೆಕ್ಕಿಸದೆ ಮತ್ತೆ ಪಡುವಣಕ್ಕೆ ತಿರುಗಿದವು.

ಮಾರನೆಯ ದಿನ ಮಧ್ಯಾಹ್ನ, ಇಂಜಿನ್ನಿಗೆ ನೀರು ಹೊಕ್ಕಿದ್ದ ಮತ್ಸ್ಯಜ್ಯೋತಿಯನ್ನು ಎಳೆದುಕೊಂಡು ತಂದರು. ಭಾಸ್ಕರ ಇಳಿದ. ಉಳಿದ ಹುಡುಗರು ಇಳಿದರು. ಕರುಣಾಕರನನ್ನು ಇಳಿಸಿದರು.

ಗುಲಾಬಿ ತಮ್ಮನ ಮೇಲೆ ಬಿದ್ದು ಅತ್ತದ್ದನ್ನು ಬರೆಯುವುದಿಲ್ಲ.

ಭಾಸ್ಕರ ಚಾವಡಿಯಲ್ಲಿ ಕೂತು ಹೇಳಿದ್ದು ಇಷ್ಟು. ಬಲೆ ಪ್ರೊಪೆಲ್ಲರಿಗೆ ಸುತ್ತಿ ಇಂಜಿನ್ ನಿಂತಿತು. ವೈರ್‌ಲೆಸ್ಸಿಗೆ ಎಟಕುವಷ್ಟು ಹತ್ತಿರ ಯಾವ ಬೋಟೂ ಇರಲಿಲ್ಲ. ಆಗ ಕಡಲು ಅಷ್ಟೇನೂ ಕೆಟ್ಟಿರಲಿಲ್ಲ. ಕರುಣಾಕರ ಕೂಡಲೇ ಚೂರಿ ಕಚ್ಚಿಕೊಂಡು ಮುಳುಗಿ ಬಲೆ ಕೊಯ್ಯಲು ಹೊರಟಿದ್ದ. ಭಾಸ್ಕರನೇ ತಡೆದ. ಯಾಕೆಂದರೆ ಫೋನಿಗೆ ಕೂಗಿ ಹೇಳಿದಾಗ ಅದು ಹೆಣ್ಣುಧ್ವನಿಯಲ್ಲಿ, ಬಹಳ ಮರ್ಯಾದೆಯಿಂದ, “ಸರಿ, ಮನೆಗೆ ತಿಳಿಸಿದ್ದೇನೆ” ಅಂದಿತ್ತು.

“ತಿಳ್ಸಿದೆ ಅಂತಲ್ಯಾ, ಹಡಗ್ ಬತ್ತ್, ಸುಮ್ನೆ ಎಂತಕೆ ಜೀವಕ್ಕೆ ಆಪತ್ತ್ ಅಂದೆ ನಾನ್,” ಅಂದ ಭಾಸ್ಕರ. “ಗಂಟಿಗೊಂದ್ ಸಲ ಕೇಂಡೆ. ಗಂಟಿಗೊಂದ್ ಸಲ ತಿಳ್ಸಿದೆ ಅಂತು. ಕಾದ್ ಕಾದ್ ಕಡಲ್ ಹುಚ್ಚ್ ಹಿಡ್ದಂಗ್ ಆಯ್ತ್. ಕಡೆಗೆ ಅವ ನನ್ನ ಮಾತ್ ಕೇಣದೆ ಹಾರ್ದ. ಬಲಿ ಕೊಯ್ದ, ಪೂರ್ತಿ ಕೊಯ್ದ. ಮೇಲ್ ಬಪ್ಪತ್ತಿಗೆ ತೆರಿ ಬೋಟನ್ನ ಎತ್ತಿ ಅವ್ನ ತಲಿ ಮೇಲೆ ಹಾಕ್ತ್.”

ಕಡಲು ಶಾಂತ ಇದ್ದಾಗ ಹಾರಿದ್ದರೆ ಕರುಣಾಕರ ಬದುಕಿರುತ್ತಿದ್ದ. ಚಾವಡಿಯಲ್ಲಿ ಕೂತ ಎಲ್ಲರಿಗೂ ಅದು ಗೊತ್ತಿತ್ತು. ಅವನನ್ನು ಕೊಂದದ್ದು ಕಡಲಲ್ಲ. ಮರ್ಯಾದೆಯಿಂದ ಹೇಳಿದ ಒಂದು ಸುಳ್ಳು.

ಅಂತ್ಯಕ್ರಿಯೆ, ಊರವರ ಬರುಹೋಗು ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಿರಂಜನ್ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗಿಳಿದಿತ್ತು. ಅಂಗಳದಲ್ಲಿ ಕೈಮುಗಿದು ನಿಂತ. ಕ್ಷಮೆ ಕೇಳಿದ. ಮನಸಾರೆಯೇ ಕೇಳಿದ್ದ, ಅಶ್ವಿತಾಗೂ ಹಾಗೆ ಅನಿಸಿತು. ಅವಳ ಸಿಟ್ಟು ಒಂದು ಗಳಿಗೆ ಮೆತ್ತಗಾಗಿದ್ದೂ ಹೌದು. ಆಮೇಲೆ ಅವನು ಬಂದ ಕೆಲಸ ಹೇಳಿದ.

“ಬೋಟಿನ ಫೋನ್ ನಿಮ್ಮಣ್ಣನ ಹತ್ರ ಇದೆಯಲ್ವಾ? ಅದರಲ್ಲಿ ಇಂಜಿನ್ ನಿಂತಾಗಿನಿಂದ ಕೊನೆವರೆಗೂ ರೆಕಾರ್ಡಿಂಗ್ ಉಳಿದಿದೆ. ನಮ್ಮ ಹತ್ರ ಇಲ್ಲದೇ ಇದ್ದದ್ದು ಅದೇ ಅಶ್ವಿತಾ. ಅದನ್ನ ಸೇರಿಸಿ ಮತ್ತೆ ಸವರಿದ್ರೆ ಇಂಥದ್ದು ಇನ್ನೊಂದು ಸಲ ಆಗಲ್ಲ. ಲೆಕ್ಕ ಹಾಕಿ ನೋಡ್ದೆ. ಸೈಜ್ ಏನೂ ಹೆಚ್ಚಾಗಲ್ಲ. ಬರೀ ನಲವತ್ತು ಎಂಬಿ.”

“ನಲವತ್ತು,” ಅಂದಳು ಅಶ್ವಿತಾ. “ನಲವತ್ತು ಎಂಬಿ! ಒಂದು ಯಕ್ಷಗಾನದ ಪದ್ಯ ಅಳಿಸಿದ್ರೆ ಆಗ್ತಿತ್ತಲ್ರೀ ಆ ಜಾಗ! ಅದನ್ನ ಉಳಿಸಿ ಕೇಕ್ ಕತ್ತರಿಸಿದ್ರಿ ನೀವು!”

ಒಳಗಿನಿಂದ ಗುಲಾಬಿ ಹೊಸ್ತಿಲಿಗೆ ಬಂದಳು.

“ಎಂತ ಬೇಕಂತೆ ಇವ್ರಿಗೆ?”

ಕೊಡುವುದಿಲ್ಲ ಎಂದು ಅವನನ್ನು ಅಟ್ಟಿಬಿಡಬೇಕು ಎಂದು ಅಶ್ವಿತಾಗೆ ಅನ್ನಿಸುತ್ತಿತ್ತು. ಆದರೆ ಕಡಲಿನ ಮೇಲೆ ಇನ್ನೂ ಬೋಟುಗಳಿದ್ದವು. ಗುಂಡಿ ಇರಲಿಲ್ಲ. ಅವನು ಹೇಳುವುದು ಸುಳ್ಳಾಗಿರಲಿಲ್ಲ. ಅವಳು ಅತ್ತಿಗೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಗುಲಾಬಿ ಒಳಗೆ ಹೋಗಿ ಆ ಫೋನನ್ನು ತಂದಳು. ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

“ಇದ್ರಂಗೆ ನನ್ನ ತಮ್ಮನ ಸ್ವರ ಇತ್ತಾ?”

“ಇದೆಯಮ್ಮಾ,” ಅಂದ ನಿರಂಜನ್.

“ತಕಂಡ್ ಹೋಯಿ ನೀವ್ ಕೇಂತ್ರ್ಯಾ?”

ಅವನು ತಡವರಿಸಿದ. “ಇಲ್ಲಮ್ಮಾ. ಅದನ್ನ ಮೆಷೀನೇ ಕೇಳತ್ತೆ. ನಾವು ಯಾರೂ ಕೂತು ಕೇಳ್ಬೇಕಾಗಿಲ್ಲ.”

ಅವಳಿಗೆ ಸಮಾಧಾನ ಆಗಲಿ ಎಂದೇ ಅವನು ಹಾಗೆ ಹೇಳಿದ್ದ. ಅಶ್ವಿತಾ ಕಣ್ಣು ಮುಚ್ಚಿಕೊಂಡಳು.

ಗುಲಾಬಿ ಚಾವಡಿಯ ಚಾಪೆ ಬಿಡಿಸಿ ಹಾಸಿದಳು. “ಕೂಕಣಿ,” ಅಂದಳು. ಅವನು ಕೂತ. ಭಾಸ್ಕರ ಬಂದು ಗೋಡೆಗೆ ಒರಗಿ ಕೂತ. ಸುದ್ದಿ ತಿಳಿದು ಪಕ್ಕದ ಮನೆಯ ಹೆಂಗಸರು ಬಂದು ಅಂಗಳದಲ್ಲಿ ನಿಂತರು. ಗುಲಾಬಿ ಫೋನನ್ನು ನಾದಿನಿಯ ಕೈಗೆ ಕೊಟ್ಟಳು. “ಕೊಡುದಿಲ್ಲೆ ಅಂಬುದಿಲ್ಲೆ. ಬೇರೆಯವ್ರ ಮಕ್ಳೂ ಕಡಲಿಗ್ ಹೋತ್ರ್. ಆರೆ ಮೊದ್ಲ್ ಇವ್ರ್ ಕೇಣ್ಲಿ. ಸುರುವಿಂದ ಹಾಕ್, ಮಾರಾಯ್ತಿ.”

ಅಶ್ವಿತಾ ಹಾಕಿದಳು.

ಮೊದಲು ಇಂಜಿನ್ ಕೆಮ್ಮಿ ನಿಂತ ಸದ್ದು. ಆಮೇಲೆ ನೀರು ಹಲಗೆಗೆ ಬಡಿಯುವ ಸದ್ದು. ಭಾಸ್ಕರನ ಕೂಗು. “ಸರಿ, ಮನೆಗೆ ತಿಳಿಸಿದ್ದೇನೆ.” ಕರುಣಾಕರ ನಗುತ್ತ, “ಭಾವ, ಅಕ್ಕ ಈಗ ಹೆದ್ರಿ ದೇವ್ರಿಗ್ ಹೂ ಹಾಕೂಕ್ ಹೋಯ್ಲಕ್ಕ್,” ಅಂದ. ಗುಲಾಬಿ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡಳು. ಗಾಳಿ ಏಳುವುದು ಕೇಳಿಸಿತು. ಮತ್ತೆ ಕೂಗು, ಮತ್ತೆ “ಸರಿ, ಮನೆಗೆ ತಿಳಿಸಿದ್ದೇನೆ.” ಯಾರೋ ಹುಡುಗ ಅಮ್ಮನನ್ನು ಕರೆದು ಅಳತೊಡಗಿದ. ಕರುಣಾಕರ ಅವನಿಗೆ ಧೈರ್ಯ ಹೇಳುತ್ತಿದ್ದ. ಮತ್ತೆ ಆ ಹೆಣ್ಣುಧ್ವನಿ, ಅದೇ ಮರ್ಯಾದೆ.

ನಿರಂಜನ್‌ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಕೊನೆಗೆ ತಡೆಯಲಾರದೆ ಚಾಪೆಯಿಂದ ಎದ್ದ. “ಸಾಕಮ್ಮಾ,” ಅಂದ. “ದಯವಿಟ್ಟು. ಸಾಕು.”

“ನನ್ನ ತಮ್ಮ ಇನ್ನೂ ಬದ್ಕಿದ್ದ ಅದ್ರಂಗೆ,” ಅಂದಳು ಗುಲಾಬಿ. “ಕೂಕಣಿ.”